ಬಾದಾಮಿಯ ಬಂಡೆ, ಬೇಸಿಗೆಯ ಬಿಸಿಲು ಮತ್ತು ನಿಮ್ಮ ದೇಹ

ಪರೀಕ್ಷೆ ಮುಗಿದು ಮಕ್ಕಳಿಗೆ ರಜೆ ಬಿತ್ತೆಂದರೆ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಬಾದಾಮಿಯ ಮಾತು ಬಂದೇ ಬರುತ್ತದೆ. ಹುಬ್ಬಳ್ಳಿಯಿಂದ ನೂರು ಕಿಲೊಮೀಟರಿಗೆ ತುಸು ಹೆಚ್ಚು. ಬೆಳಿಗ್ಗೆ ಹೋದರೆ ರಾತ್ರಿ ಊಟದ ಹೊತ್ತಿಗೆ ಮನೆ ಸೇರಬಹುದು. ಗುಹೆಗಳನ್ನು ನೋಡಿದಂತಾಯಿತು, ಬನಶಂಕರಿಗೆ ಕಾಯಿ ಒಡೆಸಿದಂತಾಯಿತು, ಮಹಾಕೂಟದ ಹೊಂಡದಲ್ಲಿ ಮಕ್ಕಳು ಮುಳುಗೆದ್ದಂತೆಯೂ ಆಯಿತು. ಬುತ್ತಿ ಕಟ್ಟಿಕೊಂಡು, ಒಂದು ಗಾಡಿ ಗೊತ್ತು ಮಾಡಿಕೊಂಡು, ಅಜ್ಜ-ಅಜ್ಜಿಯಿಂದ ಮೊಮ್ಮಕ್ಕಳ ತನಕ ಎಲ್ಲರೂ ಹೊರಡುತ್ತಾರೆ.

ಹೊರಡುವುದು ಒಳ್ಳೆಯದೇ. ವರ್ಷವಿಡೀ ಕುರ್ಚಿ ಬಿಡದವರು ಒಂದು ದಿನ ಬೆಟ್ಟ ಹತ್ತಿದರೆ ಹೃದಯಕ್ಕೂ ಹಿತ, ಮನಸ್ಸಿಗೂ ಹಿತ. ಆದರೆ ಏಪ್ರಿಲ್-ಮೇ ತಿಂಗಳಲ್ಲಿ ಬಾದಾಮಿಗೆ ಹೋಗುವುದೆಂದರೆ ಗುಡಿಗೆ ಹೋಗಿ ಬಂದಂತೆ ಎಂದು ತಿಳಿಯುತ್ತೇವಲ್ಲ, ತೊಡಕು ಇರುವುದು ಅಲ್ಲಿ. ಅದು ಉರಿಬಿಸಿಲಿನಲ್ಲಿ ಕಲ್ಲುಗುಡ್ಡ ಹತ್ತಿ ಇಳಿಯುವ ಕೆಲಸ. ದೇಹದ ಲೆಕ್ಕದಲ್ಲಿ ಹೊಲದಲ್ಲಿ ಮಧ್ಯಾಹ್ನ ಕೂಲಿ ಮಾಡಿದಷ್ಟೇ ಶ್ರಮ. ಹೊಲದಲ್ಲಿ ದುಡಿಯುವವರು ಆ ಹೊತ್ತಿಗೆ ಮರದ ನೆರಳು ಸೇರಿರುತ್ತಾರೆ. ನಾವು ಆಗಷ್ಟೇ ಗಾಡಿಯಿಂದ ಇಳಿಯುತ್ತಿರುತ್ತೇವೆ.

ಇದನ್ನು ಲೆಕ್ಕ ಹಾಕಿ ನೋಡಿ. ಮನೆಯಲ್ಲಿ ಎಲ್ಲರ ಸ್ನಾನ, ನಾಷ್ಟಾ ಮುಗಿದು ಗಾಡಿ ಹೊರಡುವಾಗ ಏಳೂವರೆ. ದಾರಿಯಲ್ಲಿ ಒಂದು ಚಹಾ. ಬಾದಾಮಿಯ ಕೆರೆಯ ದಂಡೆ ಮುಟ್ಟುವಾಗ ಹತ್ತು ಹೊಡೆದು ಹೋಗಿರುತ್ತದೆ. ಗುಹೆಗಳ ಮೆಟ್ಟಿಲು ಹತ್ತಿ, ಫೋಟೊ ತೆಗೆದು, ಕೆಳಗಿಳಿದು, ಆಚೆಯ ಬೆಟ್ಟದ ಕೋಟೆ ಹತ್ತಲು ನಿಲ್ಲುವ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ. ದಿನದ ಅತ್ಯಂತ ಕಠಿಣವಾದ ಹತ್ತುವಿಕೆಯನ್ನು ದಿನದ ಅತ್ಯಂತ ಕೆಟ್ಟ ಹೊತ್ತಿಗೆ ಇಟ್ಟುಕೊಂಡಂತಾಯಿತಲ್ಲವೆ?

ಕಲ್ಲಿನ ಕಾವು

ಬಾದಾಮಿಗೆ ಹೋದವರಿಗೆ ಆ ಜಾಗದ ಚಿತ್ರ ಕಣ್ಣಮುಂದೆ ಇರುತ್ತದೆ. ದಕ್ಷಿಣಕ್ಕೊಂದು ಬೆಟ್ಟ, ಉತ್ತರಕ್ಕೊಂದು ಬೆಟ್ಟ. ನಡುವೆ ಅಗಸ್ತ್ಯತೀರ್ಥವೆಂಬ ಕೆರೆ. ಕೆರೆಯ ಮೂಡಣ ತುದಿಗೆ ಭೂತನಾಥನ ಗುಡಿಗಳು. ಎರಡೂ ಬೆಟ್ಟಗಳು ಕೆಂಪು ಮರಳುಗಲ್ಲಿನವು. ಒಂದನೆಯ ಪುಲಕೇಶಿ 543ರಲ್ಲಿ ಇಲ್ಲಿ ಕೋಟೆ ಕಟ್ಟಿಸಿದ್ದು, ಮಂಗಳೇಶ ಮೂರನೆಯ ಗುಹೆಯಲ್ಲಿ 578ರ ಶಾಸನ ಹಾಕಿಸಿದ್ದು ಇದೇ ಕಲ್ಲಿನಲ್ಲಿ. ಚಾಲುಕ್ಯರಿಗೆ ಶಿಲ್ಪ ಕೆತ್ತಲು ಒದಗಿ ಬಂದ ಈ ಕಲ್ಲು ಬೇಸಿಗೆಯಲ್ಲಿ ನಡೆಯುವವರಿಗೆ ಮಾತ್ರ ಅಷ್ಟು ಸ್ನೇಹದ್ದಲ್ಲ.

ಬಂಡೆ ಬೆಳಗಿನಿಂದ ಬಿಸಿಲು ಕುಡಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ರೊಟ್ಟಿ ಸುಡುವ ಹಂಚಿನಂತೆ ಕಾದು, ಕುಡಿದದ್ದನ್ನೆಲ್ಲ ತಿರುಗಿ ಕೊಡಲು ಶುರು ಮಾಡುತ್ತದೆ. ಮೇಲಿನಿಂದ ಸೂರ್ಯನ ಕಾವು, ಕೆಳಗಿನಿಂದ ನೆಲದ ಕಾವು, ಎರಡೂ ಬದಿಯ ಗೋಡೆಗಳಿಂದ ಕಲ್ಲಿನ ಕಾವು. ಉತ್ತರದ ಬೆಟ್ಟ ಹತ್ತುವಾಗ ಸಿಗುವ, ಎರಡು ಬಂಡೆಗಳ ನಡುವಿನ ಇಕ್ಕಟ್ಟಾದ ಓಣಿಯಂಥ ದಾರಿಯನ್ನು ನೆನಪಿಸಿಕೊಳ್ಳಿ. ನೆರಳೇನೋ ಇರುತ್ತದೆ, ಗಾಳಿ ಮಾತ್ರ ಆಡುವುದಿಲ್ಲ. ಹವಾಮಾನ ಇಲಾಖೆಯವರು ಹೇಳುವ ಉಷ್ಣತೆ ನೆರಳಿನಲ್ಲಿ, ಗಾಳಿಯಾಡುವ ಪೆಟ್ಟಿಗೆಯಲ್ಲಿ ಇಟ್ಟ ಮಾಪಕದ್ದು. ಪತ್ರಿಕೆಯಲ್ಲಿ 39 ಡಿಗ್ರಿ ಎಂದು ಓದಿದವರು ಬಂಡೆಗಳ ನಡುವೆ ನಿಂತಾಗ ದೇಹಕ್ಕೆ ತಗಲುವುದು ಅಷ್ಟೇ ಎಂದು ತಿಳಿಯಬಾರದು.

ಇನ್ನೊಂದು ಮಾತು. ಧಾರವಾಡದವರಿಗೆ ಸಂಜೆಯಾದರೆ ಪಡುವಣದಿಂದ ತಂಪು ಗಾಳಿ ಬೀಸುವುದು ರೂಢಿ. ಮಲೆನಾಡಿನ ಸೆರಗಿನಲ್ಲಿ ಕುಳಿತವರು ನಾವು. ಬಾದಾಮಿ ನಮಗಿಂತ ತಗ್ಗಿನಲ್ಲಿದೆ, ಬಯಲುಸೀಮೆಯ ಒಣ ಹವೆಯದು. ದೇಹ ಹೊಸ ಬಿಸಿಲಿಗೆ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಅಷ್ಟರಲ್ಲಿ ಬೆವರುವಿಕೆ ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಹೃದಯದ ಬಡಿತ ಹತೋಟಿಗೆ ಬರುತ್ತದೆ. ಒಂದು ದಿನಕ್ಕೆಂದು ಹೋಗುವವರಿಗೆ ಈ ಅನುಕೂಲ ಇಲ್ಲ. ಆದ್ದರಿಂದ ಬಾದಾಮಿಯ ಹುಡುಗರು ಪಟಪಟನೆ ಹತ್ತಿ ಇಳಿಯುವುದನ್ನು ನೋಡಿ ಪಂಥ ಕಟ್ಟಬೇಡಿ.

ಬೆವರು ಕಾಣದಿದ್ದರೂ ಹೋಗುತ್ತಿರುತ್ತದೆ

ಮಣ್ಣಿನ ಕೊಡದ ನೀರು ಯಾಕೆ ತಂಪಾಗಿರುತ್ತದೆ? ಕೊಡದ ಮೈಯಿಂದ ನೀರು ಜಿನುಗಿ ಗಾಳಿಗೆ ಆರುತ್ತದೆ. ಆರುವಾಗ ಒಳಗಿನ ಶಾಖವನ್ನು ಹೊತ್ತೊಯ್ಯುತ್ತದೆ. ನಮ್ಮ ಚರ್ಮ ಮಾಡುವುದೂ ಅದೇ ಕೆಲಸ. ಒಂದು ಲೀಟರ್ ಬೆವರು ಮೈಮೇಲೆಯೇ ಪೂರ್ತಿ ಆರಿದರೆ ಸುಮಾರು 580 ಕಿಲೊಕ್ಯಾಲೊರಿ ಶಾಖ ಹೊರಹೋಗುತ್ತದೆ. ಸುತ್ತಲಿನ ಗಾಳಿ ದೇಹಕ್ಕಿಂತ ಬಿಸಿಯಾದಾಗ ತಂಪಾಗಲು ನಮಗೆ ಉಳಿಯುವ ದಾರಿ ಇದೊಂದೇ. ಬಿಸಿಲಿನಲ್ಲಿ ಬೆಟ್ಟ ಹತ್ತುವಾಗ ತಾಸಿಗೆ ಒಂದು ಲೀಟರ್ ಬೆವರು ಹೋಗುವುದು ದೊಡ್ಡ ಮಾತಲ್ಲ.

ಕರಾವಳಿಯಲ್ಲಾದರೆ ಅಂಗಿ ತೊಯ್ದು ಮೈಗೆ ಅಂಟುತ್ತದೆ, ಬೆವರು ಹೋದದ್ದು ಗೊತ್ತಾಗುತ್ತದೆ. ಬಾದಾಮಿಯ ಒಣ ಹವೆಯಲ್ಲಿ ಬೆವರು ಹುಟ್ಟಿದ ಕೂಡಲೇ ಆರಿಬಿಡುತ್ತದೆ. 'ನಾ ಏನೂ ಬೆವರಿಲ್ಲ' ಎನ್ನುವವರ ಅಂಗಿಯ ಬೆನ್ನು ನೋಡಿ, ಉಪ್ಪಿನ ಬಿಳಿ ಗೆರೆ ಮೂಡಿರುತ್ತದೆ. ನೀರಡಿಕೆಯನ್ನು ನಂಬಿ ಕೂರುವಂತೆಯೂ ಇಲ್ಲ. ಅದು ತಡವಾಗಿ ಬರುವ ನೆಂಟ. 60 ಕಿಲೊ ತೂಕದ ಮನುಷ್ಯನ ಮೈಯಿಂದ 1.2 ಲೀಟರ್ ನೀರು ಹೋದರೆ ತೂಕದ ನೂರಕ್ಕೆ ಎರಡು ಪಾಲು ಹೋದಂತೆ. ಅಷ್ಟಕ್ಕೇ ಕಾಲು ಭಾರವಾಗುತ್ತದೆ, ಸಿಡುಕು ಬರುತ್ತದೆ, ತೂಗಿ ನೋಡಿ ತೀರ್ಮಾನಿಸುವ ಬುದ್ಧಿ ಮಂಕಾಗುತ್ತದೆ. ವಯಸ್ಸಾದವರಲ್ಲಂತೂ ನೀರಡಿಕೆಯ ಅರಿವೇ ಕುಗ್ಗಿರುತ್ತದೆ. ಅಜ್ಜ ನೀರು ಕೇಳಲಿಲ್ಲ ಎಂದರೆ ಅವರಿಗೆ ನೀರು ಬೇಡ ಎಂದು ಅರ್ಥವಲ್ಲ.

ಇಳಿದವರು ಹತ್ತಬೇಕು

ನಮ್ಮೂರಿನ ಅನೇಕ ತಂದೆ-ತಾಯಂದಿರು ಈಗ ಬೇಸಿಗೆಯಲ್ಲಿ ಅಮೆರಿಕದ ಮಕ್ಕಳ ಮನೆಗೆ ಹೋಗುತ್ತಾರೆ. ಮಕ್ಕಳು ಅವರನ್ನು ಗ್ರ್ಯಾಂಡ್ ಕ್ಯಾನಿಯನ್ ತೋರಿಸಲು ಕರೆದೊಯ್ಯುತ್ತಾರೆ. ಅರಿಜೋನಾ ರಾಜ್ಯದ ಮರುಭೂಮಿಯಲ್ಲಿ ಕೊಲರಾಡೊ ನದಿ ಕೊರೆದ ಈ ಕಮರಿ 1919ರಿಂದ ರಾಷ್ಟ್ರೀಯ ಉದ್ಯಾನ. ಆಳ ಸುಮಾರು 1.6 ಕಿಲೊಮೀಟರ್. ನಮ್ಮ ಬಾದಾಮಿ ಅದರ ಮುಂದೆ ಒಂದು ಚಿಕ್ಕ ಓಣಿ. ಆದರೆ ಅಲ್ಲಿನ ಅನುಭವದಿಂದ ನಾವು ಕಲಿಯಬೇಕಾದ್ದು ಬಹಳ ಇದೆ.

ಸಾಮಾನ್ಯ ಬೆಟ್ಟದಲ್ಲಿ ಮೊದಲು ಹತ್ತುತ್ತೇವೆ. ದಣಿದರೆ ಇಳಿಯುವುದಷ್ಟೇ ಉಳಿದಿರುತ್ತದೆ. ಕಮರಿಯಲ್ಲಿ ಲೆಕ್ಕ ತಿರುವುಮುರುವು. ಬೆಳಗಿನ ತಂಪಿನಲ್ಲಿ ಇಳಿಜಾರು ದಾರಿ ಸಲೀಸಾಗಿ ಎಳೆದುಕೊಂಡು ಹೋಗುತ್ತದೆ. ಕೆಳಗೆ ಹೋದಷ್ಟೂ ಸೆಕೆ ಏರುತ್ತದೆ, ಬೇಸಿಗೆಯಲ್ಲಿ ತಳದಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ. ಕಾಲು ಸೋತು, ನೀರು ಮುಗಿದು, ಬಿಸಿಲು ಏರಿದ ಮೇಲೆ ಇಡೀ ಹತ್ತುವಿಕೆ ಬಾಕಿ ಇರುತ್ತದೆ. ವರ್ಷಕ್ಕೆ 250ಕ್ಕೂ ಹೆಚ್ಚು ಜನರನ್ನು ಆ ಕಮರಿಯಿಂದ ರಕ್ಷಿಸಿ ಮೇಲೆ ತರಬೇಕಾಗುತ್ತದೆಂದು ಉದ್ಯಾನದ ಆಡಳಿತವೇ ಹೇಳುತ್ತದೆ. ಬೇಸಿಗೆಯಲ್ಲಿ ಬೆಳಗಿನ ಹತ್ತರಿಂದ ಸಂಜೆ ನಾಲ್ಕರ ತನಕ ಕಮರಿಯೊಳಗೆ ನಡೆಯಬೇಡಿ, ಒಂದೇ ದಿನದಲ್ಲಿ ನದಿಗೆ ಇಳಿದು ಮರಳಿ ಹತ್ತುವ ಸಾಹಸ ಮಾಡಬೇಡಿ ಎಂದು ಅಲ್ಲಿ ಮತ್ತೆ ಮತ್ತೆ ಎಚ್ಚರಿಸುತ್ತಾರೆ.

ಬಾದಾಮಿಯಲ್ಲೂ ಇಂಥ ದಾರಿಗಳಿವೆ. ಬೆಟ್ಟದ ಮೇಲಿಂದ ಮಹಾಕೂಟಕ್ಕೆ ಹೋಗುವ ಹಳೆಯ ಕಾಲುದಾರಿ ಒಂದು. ಹೋಗುವಾಗ ಕೊನೆಗೆ ಇಳಿದು, ಬತ್ತದ ಬುಗ್ಗೆಯ ಹೊಂಡದ ನೀರಿಗೆ ಕಾಲಿಟ್ಟರೆ ಸ್ವರ್ಗ ಸಿಕ್ಕಂತೆ. ಅದೇ ದಾರಿಯಲ್ಲಿ ನಡುಮಧ್ಯಾಹ್ನ ತಿರುಗಿ ಬರಲು ಹೊರಟರೆ ಗೊತ್ತಾಗುತ್ತದೆ ಪಾಡು. (ಮಹಾಕೂಟಕ್ಕೆ ರಸ್ತೆ ಇದೆ. ಗಾಡಿಯನ್ನು ಅಲ್ಲಿಗೇ ಬರಹೇಳಿ, ನಡಿಗೆಯನ್ನು ಅಲ್ಲಿಗೇ ಮುಗಿಸುವುದು ಜಾಣತನ.) ಇನ್ನೊಂದು ಸಿಡಿಲಪಡಿಯ ದಾರಿ. ಆದಿಮಾನವರ ಚಿತ್ರಗಳಿರುವ, ಮೇಲೆ ತೂತು ಬಿದ್ದ ಆ ಕಲ್ಲಿನ ಚಪ್ಪರ ನೋಡುವಂಥದ್ದೇ. ಆದರೆ ಅಲ್ಲಿಗೆ ಮುಟ್ಟಬೇಕಾದರೆ ಬೆಟ್ಟದ ಮೇಲಿನ ಕುರುಚಲು ಬಯಲಿನಲ್ಲಿ ಮೂರ್ನಾಲ್ಕು ಕಿಲೊಮೀಟರ್ ನಡೆಯಬೇಕು. ನೆರಳೆಂಬುದು ಸಿಡಿಲಪಡಿಯಲ್ಲೇ, ಕುಡಿಯುವ ನೀರು ನೀವು ಹೊತ್ತದ್ದಷ್ಟೇ. ದಾರಿ ಬಲ್ಲ ಊರಿನವರೊಬ್ಬರು ಜೊತೆಗಿದ್ದರೆ ಲೇಸು.

ಇಂಥ ದಾರಿಗೆ ನಾನು ಹೇಳುವುದು ಒಂದೇ ನಿಯಮ. ಮರಳುವ ಹೊತ್ತನ್ನು ಮನೆಯಲ್ಲೇ ನಿಶ್ಚಯಿಸಿ. 'ದಣಿದಾಗ ತಿರುಗೋಣ' ಎಂಬುದು ಕೆಲಸಕ್ಕೆ ಬಾರದ ಮಾತು. ದಣಿವು ಗೊತ್ತಾಗುವಾಗ ಅರ್ಧ ದಾರಿ ಬಾಕಿ ಇರುತ್ತದೆ, ಬುದ್ಧಿ ಮಂಕಾಗಿರುತ್ತದೆ. ಒಂಬತ್ತು ಗಂಟೆ ಎಂದು ಗೊತ್ತು ಮಾಡಿದ್ದರೆ, ಸಿಡಿಲಪಡಿ ಎದುರಿಗೇ ಕಾಣುತ್ತಿದ್ದರೂ ಒಂಬತ್ತಕ್ಕೆ ತಿರುಗಬೇಕು. ಹೊತ್ತ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಮರಳುವ ದಾರಿಗೆ ಮೀಸಲು. ನಡಿಗೆಯ ವೇಗ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾದವರದು. 'ಅಜ್ಜಾ, ಇನ್ನೊಂದೀಟ ಐತಿ, ಬಾ' ಎಂದು ಪುಸಲಾಯಿಸುವ ಮೊಮ್ಮಕ್ಕಳಿಗೆ ಇದನ್ನು ಹೊರಡುವ ಮೊದಲೇ ತಿಳಿಸಿಡಿ. ಪಾಪ, ಅವರ ಪ್ರೀತಿಯೇನೋ ನಿಜ. ಅಜ್ಜನಿಗೂ ಮೊಮ್ಮಗನ ಮುಂದೆ ಸೋಲಲು ಮನಸ್ಸು ಬರುವುದಿಲ್ಲ. ಬಿಸಿಲು ಬಡಿಯುವುದು ಇಂಥ ಮುಲಾಜಿನಲ್ಲೇ.

ಹಾಗಾದರೆ ಬೇಸಿಗೆಯಲ್ಲಿ ಹೋಗಲೇಬಾರದೆ? ಹೋಗಬಹುದು. ನಸುಕಿನ ನಾಲ್ಕಕ್ಕೆ ಹುಬ್ಬಳ್ಳಿ ಬಿಡಿ, ಇಲ್ಲವೆ ಹಿಂದಿನ ರಾತ್ರಿಯೇ ಹೋಗಿ ತಂಗಿರಿ. ಬೆಟ್ಟ, ಕಾಲುದಾರಿ ಇತ್ಯಾದಿ ಬೆಳಗಿನ ಪಾಳಿಗೆ ಇರಲಿ. ಗುಹೆಗಳಿರುವುದು ದಕ್ಷಿಣದ ಬೆಟ್ಟದಲ್ಲಿ, ಅವುಗಳ ಬಾಯಿ ಉತ್ತರಕ್ಕೆ, ಒಳಗೆ ತಂಪು. ಬಿಸಿಲು ಏರಿದ ಮೇಲೆ ಗುಹೆ, ಮ್ಯೂಸಿಯಮ್, ಊಟ, ಒಂದು ನಿದ್ದೆ. ನಾಲ್ಕೂವರೆಯ ಮೇಲೆ ಭೂತನಾಥ. ಸ್ಮಾರಕಗಳ ಬಾಗಿಲು ತೆರೆಯುವ ಹೊತ್ತನ್ನು ಮೊದಲೇ ವಿಚಾರಿಸಿಕೊಂಡು ಇದನ್ನು ಹೊಂದಿಸಿಕೊಳ್ಳಿ. ಕಾಲದ ಆಯ್ಕೆ ನಿಮ್ಮ ಕೈಯಲ್ಲಿದ್ದರೆ ನವೆಂಬರಿನಿಂದ ಫೆಬ್ರುವರಿಯ ಒಳಗೆ ಹೋಗಿ; ಬನಶಂಕರಿ ಜಾತ್ರೆಯೂ ಬನದ ಹುಣ್ಣಿಮೆಗೆ, ಜನವರಿಯ ತಂಪಿನಲ್ಲೇ ಬರುತ್ತದೆ. ಗೋಕಾಕ ಫಾಲ್ಸಿನ ಕಣಿವೆಗೆ, ಹಂಪಿಯ ಬಂಡೆಗಳಿಗೆ ಹೋಗುವವರಿಗೂ ಇದೇ ಮಾತು ಸಲ್ಲುತ್ತದೆ.

ನೀರೊಂದೇ ಸಾಲದು

ಬೇಸಿಗೆಯಲ್ಲಿ ನೀರು ಹೆಚ್ಚು ಕುಡಿಯಿರಿ ಎಂದು ಎಲ್ಲರೂ ಹೇಳುತ್ತಾರೆ. ಸರಿಯಾದ ಮಾತೇ, ಆದರೆ ಅರ್ಧ ಮಾತು. ಬೆವರು ಬರೀ ನೀರಲ್ಲ, ಉಪ್ಪುನೀರು. ಉಪ್ಪು ಕಳೆದುಕೊಂಡು ಸಪ್ಪೆ ನೀರನ್ನಷ್ಟೇ ಲೀಟರುಗಟ್ಟಲೆ ಸುರಿದುಕೊಂಡರೆ ರಕ್ತದಲ್ಲಿ ಸೋಡಿಯಮ್ ತೆಳುವಾಗುತ್ತದೆ. ಆಗ ಮಿದುಳಿನ ಜೀವಕೋಶಗಳು ನೀರು ಹೀರಿ ಊದುತ್ತವೆ. ತಲೆನೋವು, ಹೊಟ್ಟೆ ತೊಳಸುವುದು, ವಾಂತಿ, ಬೆರಳು ಬಾತು ಉಂಗುರ ಬಿಗಿಯಾಗುವುದು, ಕೊನೆಗೆ ಗೊಂದಲ, ಅಪಸ್ಮಾರದಂಥ ಸೆಳೆತ. ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿ ಬಿಸಿಲಿಗೆ ಬಿದ್ದವರೆಂದು ತಿಳಿದು ಪರೀಕ್ಷಿಸಿದಾಗ ಕೆಲವರಲ್ಲಿ ಕಂಡದ್ದು ಇದು. ನೀರು ಕಡಿಮೆಯಾದವರಲ್ಲಿ ಮೂತ್ರ ಕಡಿಮೆ, ಬಣ್ಣ ಗಾಢ. ಸಪ್ಪೆ ನೀರು ಅತಿಯಾದವರಲ್ಲಿ ಸಾಮಾನ್ಯವಾಗಿ ನೀರಡಿಕೆಯೇ ಇರುವುದಿಲ್ಲ, ಹೊಟ್ಟೆಯಲ್ಲಿ ನೀರು ಗುಳಗುಳ ಎನ್ನುತ್ತಿರುತ್ತದೆ. ಇಂಥವರಿಗೆ 'ಇನ್ನೊಂದು ಬಾಟಲಿ ಕುಡೀರಿ' ಎಂದು ಒತ್ತಾಯಿಸುವುದು ಬೆಂಕಿಗೆ ಎಣ್ಣೆ ಹೊಯ್ದಂತೆ.

ಆದ್ದರಿಂದ ನಡೆಯುವಾಗ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟದಷ್ಟು, ಗುಟುಕು ಗುಟುಕಾಗಿ. ಜೊತೆಗೆ ಏನಾದರೂ ಉಪ್ಪಿನ ತಿನಿಸು. ತಾಸಿಗೆ ಒಂದು ಲೀಟರ್ ದಾಟುವ ಅಗತ್ಯ ಬಹುತೇಕ ಯಾರಿಗೂ ಬೀಳುವುದಿಲ್ಲ. ಉಪ್ಪಿನ ವಿಷಯದಲ್ಲಿ ನಮ್ಮ ಕಡೆಯ ಬುತ್ತಿಗೆ ಯಾವ ಪರದೇಶಿ ಪೊಟ್ಟಣವೂ ಸಾಟಿಯಲ್ಲ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಉಪ್ಪಿನಕಾಯಿ, ಮೊಸರನ್ನ, ಸವತೆಕಾಯಿ. ಉಪ್ಪು-ಜೀರಿಗೆ ಹಾಕಿದ ಮಜ್ಜಿಗೆ. ಮಜ್ಜಿಗೆ ಮಾತ್ರ ಬಿಸಿಲಿನಲ್ಲಿ ಬೇಗ ಹುಳಿಯುತ್ತದೆ, ಬೆಳಗಿನ ಒಂದೆರಡು ತಾಸಿನೊಳಗೆ ಮುಗಿಸಿ. ಬನಶಂಕರಿಯಲ್ಲಿ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ರೊಟ್ಟಿ-ಪಲ್ಯ, ಗಡಿಗೆಯಲ್ಲಿ ಮೊಸರು ತಂದು ಬಡಿಸುತ್ತಾರಲ್ಲ, ಬಿಸಿಲು ನಡೆದು ಬಂದವರಿಗೆ ಅದಕ್ಕಿಂತ ಒಳ್ಳೆಯ ಊಟವನ್ನು ಯಾವ ವೈದ್ಯನೂ ಬರೆದುಕೊಡಲಾರ.

ಪ್ರತಿಯೊಬ್ಬರ ಚೀಲದಲ್ಲೂ ಎರಡು ಪೊಟ್ಟಣ ಓ.ಆರ್.ಎಸ್. ಇರಲಿ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬೀಸ್ ಉಪ್ಪು-ಸಕ್ಕರೆಯ ಈ ನೀರನ್ನೇ ಡ್ರಮ್ಮುಗಳಲ್ಲಿ ಕಲಸಿ ಕುಡಿಸಿ ಸಾವಿರಾರು ಜೀವ ಉಳಿಸಿದರು. ಈಗಿನ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪೊಟ್ಟಣ 20.5 ಗ್ರಾಮ್ ತೂಗುತ್ತದೆ. ಅದನ್ನು ಸರಿಯಾಗಿ ಒಂದು ಲೀಟರ್ ನೀರಿಗೆ ಹಾಕಬೇಕು, ಅರ್ಧ ಲೀಟರಿಗಲ್ಲ. ಹೆಸರಿಗೆ ಓ.ಆರ್.ಎಸ್. ಎಂದು ಬರೆದು ಸಕ್ಕರೆ ಪಾನಕ ಮಾರುತ್ತಿದ್ದವರಿಗೆ 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರು ಬಳಸಬಾರದೆಂದು ಆದೇಶ ಮಾಡಿತು. ಔಷಧದ ಅಂಗಡಿಯಲ್ಲಿ ಕೇಳಿ, ಸೂತ್ರ ಓದಿ ಕೊಳ್ಳಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಎರಡೂ ಚಮಚದ ಮಟ್ಟಕ್ಕೆ ಸವರಿದ್ದು. ಉಪ್ಪು ಹೆಚ್ಚಾದರೆ ಉಪಕಾರಕ್ಕಿಂತ ಅಪಕಾರ.

ಬೀರಿನ ಬಾಟಲಿ ಹಿಡಿದು ಬಂಡೆಯ ಮರೆ ಹುಡುಕುವ ತರುಣರಿಗೆ ಒಂದು ಮಾತು. ಅದು ಕುಡಿದದ್ದಕ್ಕಿಂತ ಹೆಚ್ಚು ನೀರನ್ನು ಮೂತ್ರವಾಗಿ ಹೊರಹಾಕಿಸಬಲ್ಲದು, ಕಾಲಿನ ಹಿಡಿತವನ್ನೂ ಕಳೆಯುತ್ತದೆ. ಕಡಿದಾದ ಬಂಡೆಯ ಅಂಚಿನಲ್ಲಿ ಎರಡೂ ಬೇಕಾಗುತ್ತವೆ.

ಔಷಧ ತೆಗೆದುಕೊಳ್ಳುವವರು

ರಕ್ತದೊತ್ತಡಕ್ಕೆ ಗುಳಿಗೆ ನುಂಗುವವರು ನಮ್ಮಲ್ಲಿ ಮನೆಗೊಬ್ಬರಾದರೂ ಇದ್ದಾರೆ. ಅವುಗಳಲ್ಲಿ ಕೆಲವು ಮೂತ್ರ ಹೆಚ್ಚಿಸಿ ನೀರು-ಉಪ್ಪನ್ನು ಹೊರಹಾಕುವಂಥವು, ಕೆಲವು ಹೃದಯದ ಬಡಿತವನ್ನು ತಗ್ಗಿಸುವಂಥವು. ಎರಡೂ ಬಿಸಿಲಿನಲ್ಲಿ ದೇಹದ ಕೈ ಕಟ್ಟುತ್ತವೆ. ಮಾನಸಿಕ ಕಾಯಿಲೆಯ ಕೆಲವು ಔಷಧಗಳು, ನೆಗಡಿ-ಅಲರ್ಜಿಯ ಕೆಲವು ಗುಳಿಗೆಗಳು ಬೆವರನ್ನೇ ಕುಗ್ಗಿಸುತ್ತವೆ. ಹಾಗೆಂದು ಗುಳಿಗೆಯನ್ನು ನೀವೇ ಬಿಡಬೇಡಿ. ಹೊರಡುವ ವಾರ ಮುಂಚೆ ನಿಮ್ಮ ವೈದ್ಯರಿಗೆ 'ಇಂಥಲ್ಲಿ ಹೊರಟೇನ್ರಿ, ಇಷ್ಟ ನಡೀಬೇಕು' ಎಂದು ಹೇಳಿ ಸಲಹೆ ಪಡೆಯಿರಿ. ಉಪ್ಪು ಕಡಿಮೆ ತಿನ್ನಬೇಕೆಂದು ಹೇಳಿಸಿಕೊಂಡವರು, ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇದ್ದವರು ಎಷ್ಟು ನೀರು, ಎಷ್ಟು ಉಪ್ಪು ಎಂಬುದನ್ನು ಅವರಿಂದಲೇ ಕೇಳಿಕೊಳ್ಳಬೇಕು.

ಸಕ್ಕರೆ ಕಾಯಿಲೆಯವರ ಒಂದು ಅಪಾಯವನ್ನು ಯಾರೂ ನೆನೆಯುವುದಿಲ್ಲ. ಮಹಾಕೂಟ, ಬನಶಂಕರಿ ಪೂಜೆ ನಡೆಯುವ ಗುಡಿಗಳು. ಚಪ್ಪಲಿ ಬಿಟ್ಟು ಕಾದ ಹಾಸುಗಲ್ಲಿನ ಮೇಲೆ ನಡೆಯಬೇಕು. ಉಳಿದವರು 'ಸುಡತೈತಿ' ಎಂದು ಜಿಗಿದು ನೆರಳಿಗೆ ಓಡುತ್ತಾರೆ. ವರ್ಷಗಟ್ಟಲೆ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರು ನಿಧಾನವಾಗಿ ನಡೆದು ಪ್ರದಕ್ಷಿಣೆ ಮುಗಿಸುತ್ತಾರೆ, ಅವರಿಗೆ ಬಿಸಿ ತಿಳಿಯುವುದೇ ಇಲ್ಲ. ರಾತ್ರಿ ಮನೆಯಲ್ಲಿ ನೋಡಿದರೆ ಅಂಗಾಲಿನ ತುಂಬ ಬೊಬ್ಬೆ. ಈ ಬೊಬ್ಬೆ ಹುಣ್ಣಾಗಿ, ಹುಣ್ಣು ಕೊಳೆತು ಬೆರಳು ಹೋದವರಿದ್ದಾರೆ. ದಪ್ಪ ಹತ್ತಿಯ ಕಾಲುಚೀಲ ಹಾಕಿಕೊಂಡು ನಡೆಯಿರಿ, ಹಾಸುಗಲ್ಲು ತಣ್ಣಗಿರುವ ಬೆಳಗಿನಲ್ಲೇ ದರ್ಶನ ಮುಗಿಸಿ, ಅಂದು ರಾತ್ರಿ ಬೆಳಕಿನಲ್ಲಿ ಎರಡೂ ಅಂಗಾಲು ನೋಡಿಸಿಕೊಳ್ಳಿ. ಕಿಸೆಯಲ್ಲಿ ನಾಲ್ಕು ಬೆಲ್ಲದ ತುಂಡು ಇರಲಿ. ರೂಢಿಯಿಲ್ಲದ ನಡಿಗೆಯಿಂದ ರಕ್ತದ ಸಕ್ಕರೆ ಥಟ್ಟನೆ ಇಳಿಯಬಹುದು, ಅದರ ನಡುಕವನ್ನು ಬಿಸಿಲಿನ ದಣಿವೆಂದು ತಪ್ಪು ತಿಳಿಯುವ ಸಂಭವವೂ ಉಂಟು.

ಬಿಸಿಲು ಬಡಿದಾಗ

ಬಿಸಿಲಿನ ಬಳಲಿಕೆ ಬೇರೆ, ಬಿಸಿಲಾಘಾತ ಬೇರೆ. ಮೊದಲನೆಯದರಲ್ಲಿ ತಲೆಸುತ್ತು, ವಾಕರಿಕೆ, ವಿಪರೀತ ಬೆವರು, ಮೀನಖಂಡದಲ್ಲಿ ಸೆಳೆತ. ಮಾತು ಮಾತ್ರ ಸರಿಯಾಗಿರುತ್ತದೆ. ನೆರಳಿನಲ್ಲಿ ಮಲಗಿಸಿ, ಕಾಲನ್ನು ಒಂದು ಚೀಲದ ಮೇಲೆ ಎತ್ತರಿಸಿ, ಬಟ್ಟೆ ಸಡಿಲಿಸಿ, ಮೈ ಒದ್ದೆ ಮಾಡಿ ಗಾಳಿ ಬೀಸಿ, ಓ.ಆರ್.ಎಸ್. ಗುಟುಕರಿಸಿದರೆ ಅರ್ಧ-ಮುಕ್ಕಾಲು ತಾಸಿನಲ್ಲಿ ಚೇತರಿಸುತ್ತಾರೆ. ಚೇತರಿಸಿದರೆಂದು ಮತ್ತೆ ಬೆಟ್ಟ ಹತ್ತಿಸಬೇಡಿ. ಅಂದಿನ ನಡಿಗೆ ಅಲ್ಲಿಗೆ ಮುಗಿಯಿತು.

ಎರಡನೆಯದು ಜೀವಕ್ಕೇ ಕುತ್ತು. ದೇಹದೊಳಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿ ಮಿದುಳಿಗೆ ಪೆಟ್ಟು ಬಿದ್ದಿರುತ್ತದೆ. ಗುಡ್ಡದ ಮೇಲೆ ಮಾಪಕ ಎಲ್ಲಿಂದ ತರಬೇಕು? ಮಾತನಾಡಿಸಿ ನೋಡಿ. 'ಇವತ್ತ ಯಾವ ವಾರರಿ? ನಾವು ಎಲ್ಲಿಗೆ ಬಂದೇವಿ?' ಉತ್ತರ ತಡವರಿಸಿದರೆ, ಅಸಂಬದ್ಧವಾದರೆ, ಸಿಟ್ಟಿಗೆದ್ದು ಕೂಗಾಡಿದರೆ, ಕುಡಿದವರಂತೆ ತೂರಾಡಿದರೆ ಬಿಸಿಲಾಘಾತವೆಂದೇ ತಿಳಿದು ಕೆಲಸ ಶುರು ಮಾಡಿ. 'ಚರ್ಮ ಒಣಗಿರಬೇಕು, ಬೆವರು ನಿಂತಿರಬೇಕು' ಎಂಬ ಹಳೆಯ ಪಾಠವನ್ನು ಪೂರ್ತಿ ನಂಬಬೇಡಿ. ನಡೆದು ಬಿದ್ದವರಲ್ಲಿ ಬೆವರು ಇನ್ನೂ ಹರಿಯುತ್ತಿರಬಹುದು.

ಮೊದಲು ತಂಪು ಮಾಡಬೇಕು, ಆಮೇಲೆ ಸಾಗಿಸಬೇಕು. ಇದನ್ನು ಒತ್ತಿ ಹೇಳುತ್ತಿದ್ದೇನೆ. ಬಂದವರೆಲ್ಲ ಗಾಬರಿಯಾಗಿ, ಕಾದ ಕಾರಿನೊಳಗೆ ತುಂಬಿಕೊಂಡು ಆಸ್ಪತ್ರೆಗೆ ಓಡುವುದರಲ್ಲೇ ಅಮೂಲ್ಯವಾದ ಅರ್ಧ ತಾಸು ಕಳೆದುಹೋಗುತ್ತದೆ. ಆ ಅರ್ಧ ತಾಸಿನಲ್ಲಿ ಮೈ ತಣಿದವರೇ ಹೆಚ್ಚಾಗಿ ಬದುಕುತ್ತಾರೆ. ಒಬ್ಬರು 108ಕ್ಕೆ ಫೋನ್ ಮಾಡಲಿ. ಬಂಡೆಗಳ ಸಂದಿಯಲ್ಲಿ ಸಿಗ್ನಲ್ ಸಿಗದಿದ್ದರೆ ಬಯಲಿಗೆ ಓಡಲಿ. ಉಳಿದವರು ನೆರಳಿಗೆ ಎಳೆದು, ಬಟ್ಟೆ ತೆಗೆದು, ಇದ್ದಬದ್ದ ನೀರನ್ನೆಲ್ಲ ಮೈಮೇಲೆ ಸುರಿಯಿರಿ. ಕುಡಿಯುವ ನೀರೆಂದು ಉಳಿಸಬೇಡಿ. ಟವೆಲ್, ಸೀರೆಯ ಸೆರಗು, ಕೈಗೆ ಸಿಕ್ಕದ್ದರಿಂದ ಬಿಡದೆ ಬೀಸಿ. ಬರ್ಫ ಸಿಕ್ಕರೆ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಹತ್ತಿರದಲ್ಲಿ ಆಳವಿಲ್ಲದ ನೀರಿದ್ದರೆ ಇಬ್ಬರು ಗಟ್ಟಿಯಾಗಿ ಹಿಡಿದು, ತಲೆ ಮೇಲಿರುವಂತೆ ಕುತ್ತಿಗೆಯ ತನಕ ಮುಳುಗಿಸಬಹುದು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ. ಜ್ವರದ ಗುಳಿಗೆ ಇಲ್ಲಿ ಕೆಲಸ ಮಾಡುವುದಿಲ್ಲ. ಇದು ಜ್ವರವಲ್ಲ. ಕಂಕುಳಲ್ಲಿ ಉಳ್ಳಾಗಡ್ಡಿ ಇಡುವುದು, ಅಂಗಾಲಿಗೆ ಉಳ್ಳಾಗಡ್ಡಿ ತಿಕ್ಕುವುದು ನಮ್ಮ ಕಡೆಯ ರೂಢಿ. ಉಳ್ಳಾಗಡ್ಡಿ ಬುತ್ತಿಯ ಜೊತೆ ಬಹಳ ರುಚಿ. ಬಿಸಿಲಾಘಾತಕ್ಕೆ ಅದರಿಂದ ಪ್ರಯೋಜನವಿಲ್ಲ, ಹುಡುಕುತ್ತ ಹೊತ್ತು ಕಳೆಯಬೇಡಿ.

ಉಳಿದ ಒಂದೆರಡು ಮಾತು

ತಲೆಗೆ ಅಗಲ ಅಂಚಿನ ಟೋಪಿ ಅಥವಾ ಒದ್ದೆ ಪಂಜೆಯ ರುಮಾಲು, ಮೈಗೆ ತೆಳು ಬಣ್ಣದ ತುಂಬುತೋಳಿನ ಹತ್ತಿಬಟ್ಟೆ, ಕಾಲಿಗೆ ಹಳೆಯದಾಗಿ ರೂಢಿಯಾದ ಬೂಟು. ಹೊಸ ಬೂಟನ್ನು ಬಾದಾಮಿಯಲ್ಲಿ ಉದ್ಘಾಟಿಸಬೇಡಿ. ಅಲ್ಲಿನ ಮಂಗಗಳ ಮುಂದೆ ತಿಂಡಿಯ ಚೀಲ ಬಿಚ್ಚಬೇಡಿ. ಕಚ್ಚಿದರೆ, ಪರಚಿದರೆ ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅಂದೇ ರೇಬೀಸ್ ಲಸಿಕೆಗೆ ಆಸ್ಪತ್ರೆಗೆ ಹೋಗಿ. ಮಳೆಗಾಲದಲ್ಲಿ ಇದೇ ಮರಳುಗಲ್ಲು ಪಾಚಿಗಟ್ಟಿ ಜಾರುತ್ತದೆ, ಅದು ಬೇರೆಯೇ ಕಥೆ.

ಹೋಗುವ ಎರಡು ವಾರ ಮೊದಲಿನಿಂದ ಕಾಲಿಗೆ ಅಭ್ಯಾಸ ಕೊಡಿ. ಹುಬ್ಬಳ್ಳಿಯವರಿಗೆ ನೃಪತುಂಗ ಬೆಟ್ಟವಿದೆ, ಧಾರವಾಡದವರಿಗೆ ವಿಶ್ವವಿದ್ಯಾಲಯದ ಏರು ರಸ್ತೆಗಳಿವೆ. ದಿನಾ ಮುಕ್ಕಾಲು ತಾಸು ಹತ್ತಿ ಇಳಿಯಿರಿ. ಇಳಿಯುವುದನ್ನೂ ಅಭ್ಯಾಸ ಮಾಡಿ. ಮೊಣಕಾಲಿಗೆ ಹೆಚ್ಚು ಹೊರೆ ಬೀಳುವುದು ಇಳಿಯುವಾಗಲೇ, ಗುಹೆಗಳ ಮೆಟ್ಟಿಲುಗಳೋ ಒಂದೊಂದೂ ಎತ್ತರ. ಮೊಣಕಾಲು ನೋವಿನವರು ಕೈಯಲ್ಲೊಂದು ಬಡಿಗೆ ಹಿಡಿಯಲು ನಾಚಬೇಕಾಗಿಲ್ಲ. ಮಂಗಗಳಿಗೂ ಅದರ ಭಯವಿರುತ್ತದೆ.

ಮನೆಗೆ ಬಂದ ಮರುದಿನ, ಮೂರನೆಯ ದಿನ ತೊಡೆ-ಮೀನಖಂಡ ನೋಯುವುದು ಸಹಜ, ಬಿಸಿನೀರಿನ ಸ್ನಾನಕ್ಕೆ, ನಾಲ್ಕು ಹೆಜ್ಜೆ ಓಡಾಟಕ್ಕೆ ಅದು ಬಗ್ಗುತ್ತದೆ. ಆದರೆ ನೋವು ತಡೆಯಲಾರದಷ್ಟಿದ್ದು, ಮೂತ್ರ ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗಿದರೆ ಮನೆಮದ್ದು ಮಾಡುತ್ತ ಕೂರಬೇಡಿ. ಅತಿಯಾಗಿ ದಣಿದ ಮಾಂಸಖಂಡ ಒಡೆದು ಅದರ ಅಂಶ ರಕ್ತಕ್ಕಿಳಿದು ಮೂತ್ರಪಿಂಡವನ್ನು ಕಟ್ಟುತ್ತಿರುವ ಲಕ್ಷಣ ಅದು. ಅಂದೇ ವೈದ್ಯರಲ್ಲಿಗೆ ಹೋಗಿ, ಬಿಸಿಲಿನಲ್ಲಿ ಎಷ್ಟು ತಾಸು ನಡೆದಿರಿ ಎಂಬುದನ್ನೂ ಹೇಳಿ.